ಸೀಸೆಯ ಮೇಲಿನ ತಾರೀಖನ್ನು ನಂಬಬೇಡಿ

ನ್ಯೂಜೆರ್ಸಿಯ ಹಳೆ ಸಾಮಾನಿನ ಸಂತೆಗಳಲ್ಲಿ ಅಡ್ಡಾಡುವವರ ಕಣ್ಣಿಗೆ ಒಂದು ಬಗೆಯ ಕೋಕಾಕೋಲಾ ಸೀಸೆ ಬಿದ್ದೇ ಬೀಳುತ್ತದೆ. ತೆಳುಹಸಿರು ಗಾಜು, ಎಲ್ಲರಿಗೂ ಗೊತ್ತಿರುವ ಡೊಂಕು ಮೈಕಟ್ಟು, ನಡುವಿನಲ್ಲಿ ಉಬ್ಬಕ್ಷರದಲ್ಲಿ ‘ಪೇಟೆಂಟ್, ಡಿಸೆಂಬರ್ 25, 1923’. ಮಾರುವವರು ಇದನ್ನು ಕ್ರಿಸ್‌ಮಸ್ ಸೀಸೆ ಎನ್ನುತ್ತಾರೆ. ಹೊಸದಾಗಿ ಈ ಹವ್ಯಾಸಕ್ಕೆ ಬಂದವರು ಅದನ್ನು ಕೈಗೆತ್ತಿಕೊಂಡು, 1923ರ ವಸ್ತುವೇ ಸಿಕ್ಕಿತೆಂದು ಹಿಗ್ಗುತ್ತಾರೆ. ಆದರೆ ಅದು ಆ ಸೀಸೆ ಹುಟ್ಟಿದ ದಿನವಲ್ಲ, ಅದರ ಆಕಾರಕ್ಕೆ ಪೇಟೆಂಟ್ ಸಿಕ್ಕಿದ ದಿನ. ಈ ಅಕ್ಷರಗಳಿರುವ ಸೀಸೆಗಳು ಕಾರ್ಖಾನೆಯಿಂದ ಹೊರಬಿದ್ದದ್ದು 1920ರ ದಶಕದ ಕೊನೆಯಿಂದ 1930ರ ದಶಕದ ಕೊನೆಯವರೆಗೆ. 1915ರ ನವೆಂಬರ್ 16ರ ಪೇಟೆಂಟ್ ತಾರೀಖು ಹೊತ್ತ ಅದರ ಅಣ್ಣನ ಕಥೆಯೂ ಹೀಗೆಯೇ. ಆ ತಾರೀಖಿನೊಡನೆ ಅದು ವರ್ಷಗಟ್ಟಲೆ ತಯಾರಾಯಿತು.

ಹಳೆಯ ಸೋಡಾ ಸೀಸೆಗಳನ್ನು ಓದಲು ಕಲಿಯುವವರು ಮೊದಲು ಬಿಡಬೇಕಾದ ಅಭ್ಯಾಸ ಇದು: ಎದ್ದು ಕಾಣುವ ಅಕ್ಷರವನ್ನು ಎಲ್ಲಕ್ಕಿಂತ ಮೊದಲು ನಂಬುವುದು. ಗಾಜಿನ ಮೇಲೆ ದೊಡ್ಡದಾಗಿ ಬರೆದದ್ದು ಗಿರಾಕಿಗಾಗಿ ಬರೆದದ್ದು. ತಯಾರಿಸಿದವರು ತಮ್ಮ ಲೆಕ್ಕಕ್ಕೆ ತಳದಲ್ಲಿ ಒತ್ತಿಟ್ಟ ಅಂಕಿ, ಅಚ್ಚು ಬಿಟ್ಟುಹೋದ ಗೆರೆ, ಬಾಯಿಯ ಅಂಚು ಇವು ಯಾರನ್ನೂ ಮೆಚ್ಚಿಸಲು ಹೊರಟವಲ್ಲ. ಅದಕ್ಕೇ ಅವುಗಳ ಮಾತಿಗೆ ತೂಕ ಹೆಚ್ಚು.

ಈ ಕಲಿಕೆಗೆ ನ್ಯೂಯಾರ್ಕ್-ನ್ಯೂಜೆರ್ಸಿ ಸೀಮೆಯಷ್ಟು ಹದವಾದ ನೆಲ ಅಮೆರಿಕದಲ್ಲಿ ಕಡಿಮೆ. ದಕ್ಷಿಣ ಜೆರ್ಸಿಯಲ್ಲಿ ಗಾಜಿಗೆ ಬೇಕಾದ ಒಳ್ಳೆಯ ಮರಳಿತ್ತು, ಕುಲುಮೆ ಉರಿಸಲು ಕಾಡಿತ್ತು. ಕ್ಯಾಸ್ಪರ್ ವಿಸ್ಟರ್ ಎಂಬ ಜರ್ಮನ್ ವಲಸಿಗ 1739ರಲ್ಲಿ ಸೇಲಂ ಕೌಂಟಿಯಲ್ಲಿ ಗಾಜಿನ ಕಾರ್ಖಾನೆ ತೆರೆದ. ಅಮೆರಿಕದ ವಸಾಹತುಗಳಲ್ಲಿ ಗಾಜು ಮಾಡಿ ಗೆದ್ದು ನಿಂತವರಲ್ಲಿ ಅವನೇ ಮೊದಲಿಗ. ಆಮೇಲೆ ಗ್ಲಾಸ್‌ಬರೊ ಎಂಬ ಊರು ಗಾಜಿನ ಹೆಸರನ್ನೇ ಹೊತ್ತು ಬೆಳೆಯಿತು. ಮಿಲ್‌ವಿಲ್, ಬ್ರಿಜ್‌ಟನ್‌ಗಳಲ್ಲಿ ತಲೆಮಾರುಗಟ್ಟಲೆ ಜನ ಸೀಸೆ ಊದಿ ಬದುಕಿದರು. ಮಿಲ್‌ವಿಲ್‌ನ ವೀಟನ್ ಆರ್ಟ್ಸ್ ಆವರಣದಲ್ಲಿರುವ ಅಮೆರಿಕನ್ ಗಾಜಿನ ಮ್ಯೂಸಿಯಂ ಇವರ ಕೈಕೆಲಸ ನೋಡಲು ಒಳ್ಳೆಯ ಜಾಗ. ಇತ್ತ ನ್ಯೂಯಾರ್ಕ್ ನಗರದಲ್ಲಿ, ಇಂಗ್ಲೆಂಡಿನಿಂದ ಬಂದ ಜಾನ್ ಮ್ಯಾಥ್ಯೂಸ್ 1832ರಲ್ಲಿ ಸೋಡಾ ನೀರಿನ ಯಂತ್ರಗಳ ಕಸುಬು ಹೂಡಿದ. ಅಮೃತಶಿಲೆಯ ಚೂರಿಗೆ ಗಂಧಕಾಮ್ಲ ಬೆರೆಸಿ ಅನಿಲ ಎಬ್ಬಿಸುವುದು ಅವನ ವಿಧಾನ. ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್ ಕಟ್ಟುವಾಗ ಮಿಕ್ಕ ಕಲ್ಲಿನ ಚೂರನ್ನು ಅವನು ಕೊಂಡು ಸೋಡಾ ಮಾಡಲು ಬಳಸಿದ. ಇವತ್ತು ಐದನೇ ಅವೆನ್ಯೂನಲ್ಲಿ ಆ ಚರ್ಚಿನ ಮುಂದೆ ಫೋಟೊ ತೆಗೆಸಿಕೊಳ್ಳುವ ನಮ್ಮವರಿಗೆ ಇದು ಗೊತ್ತಿರಲಿ ಅನ್ನಿಸಿ ಹೇಳಿದೆ.

ಸೀಸೆ ಕೈಗೆ ಬಂದರೆ ನಾನು ಮೊದಲು ನೋಡುವುದು ಬಾಯಿಯನ್ನು. ನೀರಿಗೆ ಅನಿಲ ತುಂಬುವುದನ್ನು ಜೋಸೆಫ್ ಪ್ರೀಸ್ಟ್ಲಿ 1767ರಲ್ಲೇ ಲೀಡ್ಸ್ ನಗರದಲ್ಲಿ ಮಾಡಿ ತೋರಿಸಿದ್ದ. ಕಷ್ಟವಿದ್ದದ್ದು ಆ ಅನಿಲವನ್ನು ಸೀಸೆಯೊಳಗೆ ಹಿಡಿದಿಡುವುದರಲ್ಲಿ. ಕಾರ್ಕ್ ಒಣಗಿದರೆ ಕುಗ್ಗುತ್ತದೆ, ಅನಿಲ ಸೋರಿಹೋಗುತ್ತದೆ. ಹಾಗಾಗಿ ಮೊದಲ ಸೋಡಾ ಸೀಸೆಗಳಲ್ಲಿ ಕೆಲವಕ್ಕೆ ನಿಲ್ಲಲು ತಳವೇ ಇರಲಿಲ್ಲ. ಮೊಟ್ಟೆಯಂತೆ ದುಂಡಗಿದ್ದ ಅವನ್ನು ಮಲಗಿಸಿಯೇ ಇಡಬೇಕಿತ್ತು, ಆಗ ಕಾರ್ಕ್ ಒದ್ದೆಯಾಗಿಯೇ ಉಳಿಯುತ್ತಿತ್ತು. ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದ ನಡುವಿಗೆ ದಪ್ಪ ಗುಂಡು ಬಾಯಿಯ ಗಟ್ಟಿ ಸೀಸೆಗಳು ಹೆಚ್ಚಾದವು. ಸಂಗ್ರಾಹಕರು ಇವನ್ನು ಬ್ಲಾಬ್ ಟಾಪ್ ಎಂದು ಕರೆಯುತ್ತಾರೆ. ಕಾರ್ಕಿನ ಮೇಲೆ ತಂತಿ ಬಿಗಿದರೂ ಬಾಯಿ ಸೀಳಬಾರದೆಂದೇ ಆ ದಪ್ಪ.

ಆಮೇಲೆ ಒಬ್ಬರ ಹಿಂದೊಬ್ಬರು ಉಪಾಯ ಹೂಡಿದರು. ಇಂಗ್ಲೆಂಡಿನ ಹೈರಮ್ ಕಾಡ್ 1872ರ ಹೊತ್ತಿಗೆ ಕತ್ತಿನೊಳಗೆ ಗಾಜಿನ ಗೋಲಿ ಸಿಕ್ಕಿಸಿದ ಸೀಸೆಯನ್ನು ಪಕ್ವ ಮಾಡಿದ. ಒಳಗಿನ ಅನಿಲವೇ ಗೋಲಿಯನ್ನು ಮೇಲಕ್ಕೊತ್ತಿ ರಬ್ಬರ್ ಉಂಗುರಕ್ಕೆ ಕಚ್ಚಿಸುತ್ತದೆ. ಅನಿಲವನ್ನು ತಡೆಯಲು ಅನಿಲದ್ದೇ ಬಲ. ಸೋಡಾ ಸೀಸೆಗಳ ಚರಿತ್ರೆಯಲ್ಲಿ ಇಷ್ಟು ಚಂದದ ಯೋಚನೆ ಇನ್ನೊಂದಿಲ್ಲವೆಂದು ನನಗನ್ನಿಸುತ್ತದೆ. ನಮ್ಮ ಗೋಲಿ ಸೋಡಾ ಅದರದೇ ಸಂತಾನ. 1875ರಲ್ಲಿ ನ್ಯೂಯಾರ್ಕ್ ನಗರದ ಚಾರ್ಲ್ಸ್ ಡಿ ಕ್ವಿಲ್‌ಫೆಲ್ಟ್, ಕತ್ತಿಗೆ ಕಟ್ಟಿದ ತಂತಿಯ ಸನ್ನೆಯಿಂದ ಮುಚ್ಚಿ ತೆರೆಯುವ ಬಿರಡೆಗೆ ಪೇಟೆಂಟ್ ಪಡೆದ. 1879ರಲ್ಲಿ ಶಿಕಾಗೊದ ಚಾರ್ಲ್ಸ್ ಹಚಿನ್ಸನ್ ತಂತಿಯ ಕುಣಿಕೆಯ ತುದಿಗೆ ರಬ್ಬರ್ ಬಿಲ್ಲೆ ಹಾಕಿ ಸೀಸೆಯೊಳಗಿಂದ ಮೇಲಕ್ಕೆಳೆದು ಬಿಗಿಯುವ ಉಪಾಯ ಕಂಡುಹಿಡಿದ. ಕುಣಿಕೆಗೆ ಒಂದು ಗುದ್ದು ಕೊಟ್ಟರೆ ‘ಪಾಪ್’ ಎಂದು ತೆರೆಯುತ್ತಿತ್ತು. ಹಚಿನ್ಸನ್ ಸೀಸೆಯ ಕತ್ತು ಮೋಟು. ತಂತಿ ತುಕ್ಕು ಹಿಡಿದು ಉದುರಿಹೋಗಿದ್ದರೂ ಆ ಮೋಟು ಕತ್ತಿನಿಂದ ಗುರುತು ಸಿಗುತ್ತದೆ. ಕೊನೆಗೆ 1892ರಲ್ಲಿ ಬಾಲ್ಟಿಮೋರಿನ ವಿಲಿಯಂ ಪೇಂಟರ್ ಅಂಚಿಗೆ ಹಲ್ಲುಗಳಿರುವ ತಗಡಿನ ಮುಚ್ಚಳ ತಂದ. ಅಲ್ಲಿಯವರೆಗೆ ಬಿರಡೆಯೂ ಸೀಸೆಯ ಜೊತೆಗೇ ಹಿಂದಿರುಗುತ್ತಿತ್ತು. ಪೇಂಟರನ ಮುಚ್ಚಳ ಒಮ್ಮೆ ತೆಗೆದರೆ ಎಸೆಯುವಂಥದ್ದು, ಅಗ್ಗದ್ದು, ಸ್ವಚ್ಛವಾದದ್ದು. ಇವತ್ತಿಗೂ ಗಾಜಿನ ಸೀಸೆಯ ಪಾನೀಯ ಕೊಂಡರೆ ನಾವು ತೆಗೆಯುವುದು ಅವನ ಮುಚ್ಚಳವನ್ನೇ.

ಅಮೆರಿಕದ ಸೋಡಾ ಕಂಪನಿಗಳು ಗೋಲಿಯನ್ನು ಹೆಚ್ಚಾಗಿ ಅಪ್ಪಿಕೊಳ್ಳಲಿಲ್ಲ. ಆದ್ದರಿಂದ ಇಲ್ಲಿನ ಯಾವುದಾದರೂ ಊರಿನ ಹೆಸರಿರುವ ಗೋಲಿ ಸೀಸೆ ಬಹಳ ವಿರಳ. ‘ಹಳೆಯ ಅಮೆರಿಕನ್ ಗೋಲಿ ಸೀಸೆ’ ಎಂದು ಯಾರಾದರೂ ಕೊಟ್ಟರೆ ಅದರ ಮೇಲಿನ ಹೆಸರು, ಗಾಜಿನ ಹೊಳಪು, ಸವೆತ ಮೂರನ್ನೂ ನಿಧಾನವಾಗಿ ನೋಡಬೇಕು. ಎಡ್ಜ್‌ವಾಟರ್‌ನ ಜಪಾನಿ ಅಂಗಡಿಯಲ್ಲಿ ರಾಮುನೆ ಎಂಬ ಪಾನೀಯ ಇದೇ ಗೋಲಿಯೊಡನೆ ಸಿಗುತ್ತದೆ. ಅದು ಮೊನ್ನೆ ಮೊನ್ನೆ ತಯಾರಾದದ್ದು, ಹಳೆಯದಲ್ಲ.

ಬಾಯಿ ಆದಮೇಲೆ ತಳ. ಊದುಕೊಳವೆಯಿಂದ ಸೀಸೆಯನ್ನು ಬಿಡಿಸಿ ಬಾಯಿ ತಿದ್ದುವಾಗ ಅದನ್ನು ಹಿಡಿದುಕೊಳ್ಳಲು ಕುಶಲಕರ್ಮಿ ಕಾದ ಕಬ್ಬಿಣದ ಸಲಾಕೆಯನ್ನು ತಳಕ್ಕೆ ಅಂಟಿಸುತ್ತಿದ್ದ. ಅದನ್ನು ಕಿತ್ತಾಗ ಕಪ್ಪು ಇಲ್ಲವೇ ಕೆಂಚು ಬಣ್ಣದ ಒರಟು ಗುರುತು ಉಳಿಯುತ್ತಿತ್ತು. ಸೋಡಾ ಸೀಸೆಯ ತಳದಲ್ಲಿ ಈ ಕಬ್ಬಿಣದ ಕಲೆ ಕಂಡರೆ ಅದು ಬಹುಮಟ್ಟಿಗೆ 1840ರಿಂದ 1860ರ ಆಸುಪಾಸಿನದು. ಆಮೇಲೆ ಸೀಸೆಯನ್ನು ಸುತ್ತ ಹಿಡಿಯುವ ಇಕ್ಕುಳ ಬಂತು, ತಳ ನುಣುಪಾಯಿತು. ಇನ್ನು ಅಚ್ಚಿನ ಗೆರೆ. ಎರಡು ಹೋಳಿನ ಅಚ್ಚಿನೊಳಗೆ ಊದಿದ ಸೀಸೆಯ ಎರಡೂ ಬದಿಗೆ ಒಂದೊಂದು ಗೆರೆ ಏರಿಹೋಗುತ್ತದೆ. ಕೈಯಿಂದ ಬಾಯಿ ತಿದ್ದಿದ ಸೀಸೆಯಲ್ಲಿ ಆ ಗೆರೆ ತುಟಿಗೆ ಮುಟ್ಟುವ ಮೊದಲೇ ಅಳಿಸಿರುತ್ತದೆ, ಏಕೆಂದರೆ ತಿದ್ದುವ ಉಪಕರಣ ಅಲ್ಲಿ ಸುತ್ತಿ ಗಾಜನ್ನು ಒರೆಸಿಬಿಟ್ಟಿರುತ್ತದೆ. ಗೆರೆ ತುಟಿಯ ಮೇಲಿನ ಅಂಚಿನವರೆಗೂ ಹರಿದಿದ್ದರೆ ಅದು ಯಂತ್ರದ ಕೆಲಸ. ಗೆರೆ ಎಷ್ಟು ಮೇಲಕ್ಕೆ ಹೋಗಿದೆಯೋ ಸೀಸೆ ಅಷ್ಟು ಹೊಸದು ಎಂಬ ಸೂತ್ರವೊಂದು ಹಳೆಯ ಸಂಗ್ರಾಹಕರ ಬಾಯಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ. ಗೆರೆ ಕತ್ತಿನ ಅರ್ಧಕ್ಕೆ ನಿಂತಿದೆಯೋ ಮುಕ್ಕಾಲಿಗೆ ನಿಂತಿದೆಯೋ ಎಂಬುದು ತಿದ್ದಿದವನ ಕೈಗೆ ಸೇರಿದ್ದು, ವರ್ಷಕ್ಕಲ್ಲ. ತುಟಿಯನ್ನು ದಾಟಿದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆಗೆ ಗೆರೆ ಪ್ರಾಮಾಣಿಕವಾಗಿ ಉತ್ತರ ಕೊಡುತ್ತದೆ.

ಮೈಕೆಲ್ ಓವೆನ್ಸ್ ಒಹಾಯೊದ ಟೊಲೀಡೊದಲ್ಲಿ ಪೂರ್ಣ ಸ್ವಯಂಚಾಲಿತ ಯಂತ್ರವನ್ನು ಸಿದ್ಧಪಡಿಸಿದ್ದು 1903ರಲ್ಲಿ. ಅದು ಕರಗಿದ ಗಾಜನ್ನು ಹೀರಿಕೊಂಡು ಕತ್ತರಿಸುವ ಯಂತ್ರವಾದ್ದರಿಂದ ತಳದಲ್ಲಿ ಸೊಟ್ಟ ಉಂಗುರದಂಥ ಗಾಯದ ಗುರುತು ಬಿಡುತ್ತದೆ. ಆ ಉಂಗುರವಿದ್ದರೆ ಅದಕ್ಕಿಂತ ಹಿಂದಿನ ಕಾಲದ ಮಾತೇ ಬೇಡ. ದಕ್ಷಿಣ ಜೆರ್ಸಿಯಲ್ಲಿ ಊದುವ ಕೆಲಸವನ್ನೇ ಕುಲಕಸುಬಾಗಿ ಕಲಿತಿದ್ದ ಮನೆತನಗಳ ಕೈಯಿಂದ ಅನ್ನ ಜಾರಿದ್ದೂ ಆ ಯಂತ್ರದ ಕಾಲದಲ್ಲೇ. ಬಾಯಿಯ ಅಂಚಿನ ಒಂದು ಗೆರೆಯನ್ನು ಬೆರಳಿನಿಂದ ಸವರಿದಾಗ ಇದು ನೆನಪಾಗದೆ ಇರುವುದಿಲ್ಲ.

ಕಾನೂನುಗಳೂ ಗಾಜಿನ ಮೇಲೆ ಗುರುತು ಬಿಟ್ಟಿವೆ. ಪೊಟ್ಟಣದೊಳಗೆ ಎಷ್ಟಿದೆಯೆಂದು ಹೊರಗೆ ತಿಳಿಸಬೇಕೆಂದು ಅಮೆರಿಕದ ಕಾನೂನು 1913ರಲ್ಲಿ ತಿದ್ದುಪಡಿಯಾಯಿತು. ಸೀಸೆಯ ಮೇಲೆ ಇಷ್ಟು ಔನ್ಸ್ ಎಂದಿದ್ದರೆ ಅದು ಬಹುತೇಕ ಆಮೇಲಿನದು. ವಿದೇಶದಿಂದ ಬರುವ ಸರಕಿನ ಮೇಲೆ ದೇಶದ ಹೆಸರಿರಬೇಕೆಂದದ್ದು 1890ರ ಸುಂಕದ ಕಾಯಿದೆ. ಬ್ರೂಕ್ಲಿನ್‌ನ ಸೆಲ್ಟ್‌ಜರ್ ನೀರಿನ ವ್ಯಾಪಾರಿಗಳು ಬಳಸಿದ ದಪ್ಪ ಗಾಜಿನ, ಚಿಮ್ಮುವ ಮೂತಿಯ ಸೈಫನ್ ಸೀಸೆಗಳಲ್ಲಿ ಅನೇಕವು ಯುರೋಪಿನಿಂದ ಬಂದವು. ಅವುಗಳ ಮೇಲೆ ಜೆಕೊಸ್ಲೊವಾಕಿಯಾ ಎಂದಿದ್ದರೆ ಅದು 1918ಕ್ಕಿಂತ ಹಿಂದಿನದಾಗಿರಲಾರದು, ಆ ದೇಶ ಹುಟ್ಟಿದ್ದೇ ಆಗ. ಅಂಚೆ ಇಲಾಖೆಯೂ ಹೀಗೆಯೇ ನೆರವಿಗೆ ಬರುತ್ತದೆ. ‘ಬ್ರೂಕ್ಲಿನ್ 12, ಎನ್.ವೈ.’ ಎಂದು ಊರಿನ ಮುಂದೆ ಸಣ್ಣ ಅಂಕಿಯಿದ್ದರೆ ಅದು 1943ರಲ್ಲಿ ಆರಂಭವಾದ ಅಂಚೆ ವಲಯದ ಸಂಖ್ಯೆ. ಐದಂಕಿಯ ಜಿಪ್ ಕೋಡ್ ಬಂದದ್ದು 1963ರಲ್ಲಿ. ನಡುವಿನ ಇಪ್ಪತ್ತು ವರ್ಷದೊಳಗೆ ಸೀಸೆ ಸಿಕ್ಕಿಕೊಂಡಂತಾಯಿತು.

ಊರಿನ ಹೆಸರು ಇನ್ನೂ ರುಚಿಯಾದ ಸುಳಿವು. ಯೂನಿಯನ್ ಸಿಟಿಯಲ್ಲಿ ಇಂದು ವಾಸವಾಗಿರುವ ಕನ್ನಡಿಗರು ತಮ್ಮ ಊರು 1925ರ ಜನವರಿ 1ಕ್ಕೆ ಮೊದಲು ಇರಲೇ ಇಲ್ಲವೆಂದರೆ ಅಚ್ಚರಿಪಡಬಹುದು. ವೆಸ್ಟ್ ಹೊಬೋಕನ್ ಮತ್ತು ಯೂನಿಯನ್ ಹಿಲ್ ಎಂಬ ಎರಡು ಊರು ಸೇರಿ ಅದಾಯಿತು. ಸೀಸೆಯ ಮೇಲೆ ‘ವೆಸ್ಟ್ ಹೊಬೋಕನ್’ ಎಂದಿದ್ದರೆ ಆ ಸೀಸೆಯ ಅಚ್ಚು ಕೊರೆದದ್ದು ಅದಕ್ಕಿಂತ ಮೊದಲು ಎಂದು ನಂಬಲು ಅಡ್ಡಿಯಿಲ್ಲ. ಬ್ರೂಕ್ಲಿನ್ ಹಾಗಲ್ಲ. 1898ರ ಜನವರಿ 1ರವರೆಗೆ ಅದು ಪ್ರತ್ಯೇಕ ನಗರ, ಆಮೇಲೆ ನ್ಯೂಯಾರ್ಕಿನ ಭಾಗ. ಆದರೂ ಅಲ್ಲಿನ ವ್ಯಾಪಾರಿಗಳು ಬ್ರೂಕ್ಲಿನ್ ಎಂದೇ ಅಚ್ಚು ಹಾಕಿಸುತ್ತ ಬಂದರು. ಒಂದು ಊರಿನಲ್ಲಿ ಫಲಿಸಿದ ತರ್ಕ ಪಕ್ಕದ ಊರಿನಲ್ಲಿ ಕೈಕೊಡುತ್ತದೆ. ಬೀದಿಯ ಹೆಸರು, ಮನೆ ಸಂಖ್ಯೆ ಇದ್ದರೆ ಹಳೆಯ ನಗರ ಡೈರೆಕ್ಟರಿಗಳನ್ನು ತಿರುವಿ ಆ ವ್ಯಾಪಾರಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಆ ವಿಳಾಸದಲ್ಲಿದ್ದನೆಂದು ಹುಡುಕಬಹುದು. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ ಅಂಥ ಡೈರೆಕ್ಟರಿಗಳು ಸಾಲುಸಾಲಾಗಿವೆ. ಇದಕ್ಕಿಂತ ಗಟ್ಟಿ ಸಾಕ್ಷ್ಯ ಸೀಸೆಯ ಮೇಲೆ ಸಿಗುವುದಿಲ್ಲ.

ಒಂದು ಉದಾಹರಣೆ ಹಿಡಿದು ನೋಡೋಣ. ಹಸಿರು ಗಾಜಿನ ಏಳು ಔನ್ಸ್ ಸೀಸೆ. ಮೈಮೇಲೆ ಬಿಳಿ, ಕೆಂಪು ಬಣ್ಣದಲ್ಲಿ ಕಂಪನಿಯ ಹೆಸರು. ಕಾಗದವಲ್ಲ, ಗಾಜಿನ ಮೇಲೆಯೇ ಬಣ್ಣ ಬಳಿದು ಸುಟ್ಟು ಅಂಟಿಸಿದ್ದು. ತಳದಲ್ಲಿ ಮೊಟ್ಟೆಯಾಕಾರದ ಮೇಲೆ ಹಾದುಹೋದ ವಜ್ರಾಕೃತಿ, ನಡುವೆ ‘ಐ’ ಅಕ್ಷರ. ಅದು ಓವೆನ್ಸ್-ಇಲಿನಾಯ್ ಕಂಪನಿಯ ಮುದ್ರೆ. ಆ ಕಂಪನಿ ಹುಟ್ಟಿದ್ದು 1929ರಲ್ಲಿ, ಬ್ರಿಜ್‌ಟನ್‌ನಲ್ಲೂ ಅದರ ಕಾರ್ಖಾನೆಯಿತ್ತು. ಮುದ್ರೆಯ ಎಡಕ್ಕಿರುವುದು ಕಾರ್ಖಾನೆಯ ಸಂಖ್ಯೆ, ಬಲಕ್ಕಿರುವುದು ವರ್ಷ. ಬಲಕ್ಕೆ ಬರೀ ‘1’ ಎಂದಿದೆ. 1931ರದೋ 1941ರದೋ? ಮುದ್ರೆ ಎರಡಕ್ಕೂ ಒಗ್ಗುತ್ತದೆ. ಆದರೆ ಸುಟ್ಟ ಬಣ್ಣದ ಹೆಸರುಪಟ್ಟಿ ಸೋಡಾ ಸೀಸೆಗಳಿಗೆ ಬಂದದ್ದು 1930ರ ದಶಕದ ನಡುವೆ. ಮತ್ತೆ ತಳ ಸವರಿದರೆ ಸಣ್ಣ ಸಣ್ಣ ಬೊಬ್ಬೆಗಳಂತೆ ಒರಟು ಚುಕ್ಕೆ, ಜೊತೆಗೆ ಕೂಡಕ್ಷರದಲ್ಲಿ ‘ಡ್ಯುರಾಗ್ಲಾಸ್’ ಎಂಬ ಬರಹ. ಎರಡೂ 1940ರಿಂದ ಈಚಿನವು. ಹಾಗಾದರೆ 1941. ಒಂದು ಗುರುತು ಬಾಗಿಲು ತೆರೆದಿಟ್ಟಿತ್ತು, ಉಳಿದ ಮೂರು ಸೇರಿ ಮುಚ್ಚಿದವು. ಯಾವ ಸೀಸೆಯೂ ತನ್ನ ಮೈಮೇಲಿನ ಎಲ್ಲಕ್ಕಿಂತ ಕಿರಿಯ ಗುರುತಿಗಿಂತ ಹಿರಿಯದಾಗಿರಲಾರದು. ನೂರು ಸೀಸೆ ನೋಡಿದರೂ ಈ ಒಂದು ಲೆಕ್ಕ ತಪ್ಪುವುದಿಲ್ಲ.

ಅದು ತಯಾರಾದ ವರ್ಷ ಸರಿ, ಬಳಕೆಯಿಂದ ಹೊರಬಿದ್ದ ವರ್ಷ ಬೇರೆ. ಆ ಕಾಲದಲ್ಲಿ ಒಳಗಿನ ನೀರಿಗಿಂತ ಸೀಸೆಯೇ ದುಬಾರಿ. ‘ಈ ಸೀಸೆ ಮಾರಾಟಕ್ಕಲ್ಲ’, ‘ರಿಜಿಸ್ಟರ್ಡ್’ ಎಂದೆಲ್ಲ ಗಾಜಿನ ಮೇಲೆ ಅಚ್ಚು ಹಾಕಿಸುತ್ತಿದ್ದುದು ಅದಕ್ಕೇ. ಸೋಡಾ ಕುಡಿದವರದು, ಸೀಸೆ ತುಂಬಿದವನದು. ಮರದ ಪೆಟ್ಟಿಗೆಯಲ್ಲಿ ಒಂದಕ್ಕೊಂದು ಉಜ್ಜಿ ಉಜ್ಜಿ ಹೆಗಲಿನ ಸುತ್ತ, ತಳದ ಮೇಲ್ಗಡೆ ಮಸುಕು ಪಟ್ಟಿಯೊಂದು ಮೂಡುತ್ತದೆ. ಆ ಸವೆತವಿರುವ ಸೀಸೆ ಅನೇಕ ಮನೆಗಳನ್ನು ಸುತ್ತಿ ಬಂದಿದೆ ಎಂದರ್ಥ. ಸಿಗ್ಗಿಲ್ಲದೆ ಬೇರೆಯವರ ಸೀಸೆ ತುಂಬಿಸಿದವರೂ ಇದ್ದರು. ಲಾಂಗ್ ಐಲ್ಯಾಂಡ್ ಸಿಟಿಯಲ್ಲಿ ನೆಲೆಯೂರಿದ ಪೆಪ್ಸಿ, ಅದನ್ನು ನಡೆಸುತ್ತಿದ್ದ ಚಾರ್ಲ್ಸ್ ಗುತ್ ಕಾಲದಲ್ಲಿ 1934ರಲ್ಲಿ ಐದು ಸೆಂಟಿಗೆ ಹನ್ನೆರಡು ಔನ್ಸ್ ಮಾರಲು ಹೊರಟಾಗ ಬಳಸಿದ್ದು ಹಳೆಯ ಬಿಯರ್ ಸೀಸೆಗಳನ್ನು. ಕಾಗದದ ಪಟ್ಟಿ ಕಳಚಿದರೆ ಅದು ಪೆಪ್ಸಿಯದೆಂದು ಹೇಳುವ ದಾರಿಯೇ ಇಲ್ಲ. ಈಸ್ಟ್ ರಿವರ್ ದಂಡೆಯ ಮೇಲಿನ ಪೆಪ್ಸಿಯ ಕೆಂಪು ಫಲಕಕ್ಕೆ 2016ರಲ್ಲಿ ನಗರ ಸ್ಮಾರಕದ ಮನ್ನಣೆ ಸಿಕ್ಕಿತು. ಆ ಮೊದಲ ಸೀಸೆಗಳಿಗೆ ಗುರುತೂ ಉಳಿಯಲಿಲ್ಲ. ಸೀಸೆ ಹಿಂದಿರುಗಿಸುವ ಪದ್ಧತಿಯ ಒಂದು ಎಳೆ ನ್ಯೂಯಾರ್ಕ್ ರಾಜ್ಯದಲ್ಲಿ ಇನ್ನೂ ಇದೆ: 1982ರಲ್ಲಿ ಅಂಗೀಕಾರವಾದ ಐದು ಸೆಂಟಿನ ಠೇವಣಿ ಕಾನೂನು. ಹಡ್ಸನ್ ದಾಟಿ ಬಂದರೆ ನ್ಯೂಜೆರ್ಸಿಯಲ್ಲಿ ಅಂಥ ಕಾನೂನಿಲ್ಲ.

ಇಷ್ಟೆಲ್ಲ ಲೆಕ್ಕಾಚಾರ ಏಕೆ? ಬೆಲೆಗಾಗಿ ಎನ್ನುವವರಿದ್ದಾರೆ. ನನಗೆ ಅದು ಸಾಲದ ಉತ್ತರ. ನೂರೈವತ್ತು ವರ್ಷದ ಸೀಸೆ ಕೆಲವು ಡಾಲರಿಗೆ ಸಿಗುವುದುಂಟು, ಎಂಬತ್ತು ವರ್ಷದ್ದು ಅದರ ಹತ್ತು ಪಟ್ಟು ಬಾಳುವುದುಂಟು; ಬೆಲೆ ನಿಂತಿರುವುದು ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು ಎಂಬುದರ ಮೇಲೆ. ನಾನು ಈ ಓದನ್ನು ಪ್ರೀತಿಸುವುದು ಗಾಜಿನ ಮೇಲಿನ ಹೆಸರುಗಳಿಗಾಗಿ. ಈ ಸೀಮೆಯ ಸೋಡಾ ಕಸುಬು ಬಹುಪಾಲು ಹೊರಗಿನಿಂದ ಬಂದವರ ಕಸುಬು. ಕ್ರಿಮಿಯಾದಿಂದ ಬಂದ ಹೈಮನ್ ಕರ್ಷ್ 1904ರಲ್ಲಿ ಬ್ರೂಕ್ಲಿನ್‌ನ ವಿಲಿಯಮ್ಸ್‌ಬರ್ಗ್‌ನಲ್ಲಿ ಸಣ್ಣ ಸೋಡಾ ಅಂಗಡಿಯಿಟ್ಟ. ಅವನ ಕಂಪನಿ 1952ರಲ್ಲಿ ಆಸ್ಪತ್ರೆಯೊಂದರ ಮಧುಮೇಹಿ ರೋಗಿಗಳನ್ನು ನೆನೆದು ಸಕ್ಕರೆಯಿಲ್ಲದ ‘ನೋ-ಕ್ಯಾಲ್’ ತಂದಿತು. ಇಂದಿನ ಡಯಟ್ ಸೋಡಾಗಳಿಗೆಲ್ಲ ಅದು ಹಿರಿಯಕ್ಕ. ಅದೇ ಬ್ರೂಕ್ಲಿನ್‌ನಲ್ಲಿ 1895ರಿಂದ ಇಟಾಲಿಯನ್ನರ ಕಾಫಿ ಸೋಡಾ ‘ಮ್ಯಾನ್‌ಹಟನ್ ಸ್ಪೆಷಲ್’. ಪ್ಯಾಟರ್ಸನ್‌ನಲ್ಲಿ 1891ರಲ್ಲಿ ಬಾಯ್ಲನ್ ಸೋಡಾ. ನ್ಯೂಯಾರ್ಕ್‌ನಲ್ಲಿ 1935ರಲ್ಲೋ 1885ರಲ್ಲೋ ಒಂದು ತಳ್ಳುಗಾಡಿ, ಒಂದು ಕುದುರೆ, ಒಂದು ನೆಲಮಾಳಿಗೆ ಇಟ್ಟುಕೊಂಡು ತನ್ನ ಹೆಸರನ್ನು ಅಚ್ಚಿನಲ್ಲಿ ಕೊರೆಯಿಸಿದ ಎಷ್ಟೋ ಮಂದಿಗೆ ಇಷ್ಟೂ ದಾಖಲೆ ಸಿಗಲಿಲ್ಲ. ಅವರ ಅಂಗಡಿಯ ಲೆಕ್ಕದ ಪುಸ್ತಕ ಹರಿದುಹೋಯಿತು, ಬೀದಿ ಬದಲಾಯಿತು. ಉಳಿದದ್ದು ಗಾಜು. ನ್ಯೂವಾರ್ಕಿನ ಹಾಫ್‌ಮನ್ ಪಾನೀಯ ಕಂಪನಿ 1930ರ ಆಸುಪಾಸಿನಲ್ಲಿ ತನ್ನ ಕಾರ್ಖಾನೆಯ ಮೇಲೆ ಸೀಸೆಯಾಕಾರದ ನೀರಿನ ತೊಟ್ಟಿಯನ್ನೇ ನಿಲ್ಲಿಸಿತ್ತು. ಗಾರ್ಡನ್ ಸ್ಟೇಟ್ ಪಾರ್ಕ್‌ವೇಯಲ್ಲಿ ಓಡಾಡಿದ ಹಳಬರಿಗೆ ಅದು ಪ್ಯಾಬ್ಸ್ಟ್ ಬಿಯರ್ ಸೀಸೆಯಾಗಿ ಗೊತ್ತು. 2006ರಲ್ಲಿ ಅದೂ ಇಳಿಯಿತು.

ಸೀಸೆ ಎಲ್ಲಿ ಸಿಕ್ಕಿತು ಎಂಬುದು ಸೀಸೆಯಷ್ಟೇ ಮುಖ್ಯ. ಬ್ರೂಕ್ಲಿನ್‌ನ ದಕ್ಷಿಣ ತುದಿಯಲ್ಲಿ ಡೆಡ್ ಹಾರ್ಸ್ ಬೇ ಎಂಬ ಕೊಲ್ಲಿಯಿದೆ. ಸತ್ತ ಕುದುರೆಗಳ ಮೂಳೆ, ಚರ್ಬಿ ಬೇಯಿಸುವ ಕಾರ್ಖಾನೆಗಳಿದ್ದ ಜಾಗ, ಹೆಸರು ಬಂದದ್ದು ಅದರಿಂದ. 1950ರ ದಶಕದಲ್ಲಿ ಅಲ್ಲಿ ನಗರದ ಕಸ ಸುರಿದು ಮಣ್ಣು ಮುಚ್ಚಿದರು. ಮೇಲ್ಮಣ್ಣು ಒಡೆದು, ಪ್ರತಿ ಇಳಿತಕ್ಕೂ ದಂಡೆಯ ಮೇಲೆ ಸೀಸೆಗಳು ಹಾಸಿಕೊಳ್ಳುತ್ತಿದ್ದವು. ನಗರ ಕಾಮಗಾರಿಗಳ ಅಧಿಕಾರಿ ರಾಬರ್ಟ್ ಮೋಸೆಸ್‌ನ ಹೆದ್ದಾರಿ, ವಸತಿ ಯೋಜನೆಗಳಿಗಾಗಿ ಎಬ್ಬಿಸಿದ ಬಡವರ ಮನೆಗಳ ಸಾಮಾನು ಅದರಲ್ಲಿ ಬಹಳಷ್ಟಿದೆಯೆಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞೆ ರಾಬಿನ್ ನೇಗಲ್ ಅಭಿಪ್ರಾಯಪಟ್ಟಿದ್ದಾರೆ. ಈಗ ಅದು ಗೇಟ್‌ವೇ ರಾಷ್ಟ್ರೀಯ ವಿಹಾರ ಪ್ರದೇಶದ ಭಾಗ, ಅಲ್ಲಿಂದ ಒಂದು ಚೂರನ್ನೂ ಒಯ್ಯುವಂತಿಲ್ಲ. ಮಣ್ಣಿನಲ್ಲಿ ವಿಕಿರಣ ಸೂಸುವ ವಸ್ತುಗಳು ಸಿಕ್ಕಿದ್ದರಿಂದ 2020ರಲ್ಲಿ ಕಸ ಸುರಿದಿದ್ದ ಆ ದಂಡೆಯನ್ನು ಮುಚ್ಚಿದರು. ನಿಷೇಧವಿದ್ದರೂ ಅಲ್ಲಿಂದ ಚೀಲ ತುಂಬಿಸಿಕೊಂಡು ಹೋದವರ ಬಗ್ಗೆ ನನಗೆ ಮರುಕವಿಲ್ಲ. ಕಪಾಟಿನಲ್ಲಿ ಹೊಳೆಯುವ ಆ ಸೀಸೆಗಳು ಇನ್ನು ಯಾವ ಮನೆಯ ಕಥೆಯನ್ನೂ ಹೇಳಲಾರವು.

ಅಗೆದು, ಬರೆದಿಟ್ಟು, ಕಾಪಾಡಿದರೂ ಕಳೆದುಹೋಗಬಹುದು. ಮ್ಯಾನ್‌ಹಟನ್‌ನ 'ಫೈವ್ ಪಾಯಿಂಟ್ಸ್' ಹತ್ತೊಂಬತ್ತನೇ ಶತಮಾನದಲ್ಲಿ ಐರಿಷ್, ಆಫ್ರಿಕನ್ ಮೂಲದ ಬಡವರ ಕೇರಿ. 1991ರಲ್ಲಿ ಫೋಲಿ ಸ್ಕ್ವೇರಿನಲ್ಲಿ ನ್ಯಾಯಾಲಯ ಕಟ್ಟುವಾಗ ನಡೆದ ಉತ್ಖನನದಲ್ಲಿ ಅಲ್ಲಿನ ಮನೆಗಳ ಹಿಂದಿನ ಗುಂಡಿಗಳಿಂದ ಸುಮಾರು 8,50,000 ವಸ್ತುಗಳು ದೊರೆತವು. ಅವನ್ನಿಟ್ಟಿದ್ದು ವರ್ಲ್ಡ್ ಟ್ರೇಡ್ ಸೆಂಟರಿನ ಆರನೇ ಕಟ್ಟಡದ ನೆಲಮಾಳಿಗೆಯಲ್ಲಿ. 2001ರ ಸೆಪ್ಟೆಂಬರ್ 11ರಂದು ಎಲ್ಲವೂ ನಾಶವಾದವು; ಪ್ರದರ್ಶನಕ್ಕೆಂದು ಬೇರೆಡೆ ಕೊಟ್ಟಿದ್ದ 18 ವಸ್ತು ಮಾತ್ರ ಉಳಿದವು. ಆದರೂ ಆ ಕೇರಿಯ ಬದುಕು ನಮಗೆ ಗೊತ್ತಾಗಿದ್ದರೆ ಅದಕ್ಕೆ ಕಾರಣ ಪ್ರತಿ ವಸ್ತು ಯಾವ ಗುಂಡಿಯಲ್ಲಿ ಯಾವ ಪದರದಲ್ಲಿ ಸಿಕ್ಕಿತೆಂದು ಮೊದಲೇ ಬರೆದಿಟ್ಟದ್ದು.

ಕೊಳ್ಳುವವರಿಗೆ ಒಂದೆರಡು ಮಾತು. ಗಾಢ ನೇರಳೆ ಬಣ್ಣದ ಸೀಸೆ ಕಂಡು ಮರುಳಾಗಬೇಡಿ. ಗಾಜನ್ನು ಬಿಳುಪಾಗಿಸಲು ಮ್ಯಾಂಗನೀಸ್ ಬೆರೆಸುತ್ತಿದ್ದ ಕಾಲದ, ಅಂದರೆ ಹೆಚ್ಚುಕಡಿಮೆ 1920ಕ್ಕಿಂತ ಹಿಂದಿನ ಸೀಸೆಗಳು ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ತಿಳಿ ನೇರಳೆಗೆ ತಿರುಗುತ್ತವೆ, ಅದು ನಿಜ. ಆದರೆ ಕಡುನೇರಳೆಯನ್ನು ವಿಕಿರಣ ಹಾಯಿಸಿ ತರಿಸಿ ಮಾರುವವರಿದ್ದಾರೆ. ಹಾಗೆ ಮಾಡಿದ ಸೀಸೆಯ ಮೂಲ ಬಣ್ಣ ಮರೆಯಾಯಿತು. ಯಂತ್ರದಲ್ಲಿ ಹಾಕಿ ಹೊಳಪು ಬರುವಂತೆ ಉಜ್ಜಿಸುವುದನ್ನೂ ನಾನು ಒಪ್ಪುವುದಿಲ್ಲ. ಮೇಲೆ ಹೇಳಿದ ಸವೆತದ ಪಟ್ಟಿ ಅದರಲ್ಲಿ ಅಳಿಸಿಹೋಗುತ್ತದೆ. ಬೆಚ್ಚಗಿನ ನೀರು, ಮೆತ್ತನೆಯ ಬ್ರಷ್ ಸಾಕು. ಬಣ್ಣದ ಹೆಸರುಪಟ್ಟಿಯಿದ್ದರೆ ಆಮ್ಲ ಮುಟ್ಟಿಸಲೇಬಾರದು.

ನ್ಯೂಜೆರ್ಸಿ, ಲಾಂಗ್ ಐಲ್ಯಾಂಡ್‌ಗಳಲ್ಲಿ ಹಳೆಯ ಸೀಸೆಯವರ ಸಂಘಗಳಿವೆ. ತಮ್ಮ ಊರುಗಳಲ್ಲಿ ಯಾವ ಬೀದಿಯಲ್ಲಿ ಯಾರು ಯಾವ ವರ್ಷ ಸೋಡಾ ತುಂಬುತ್ತಿದ್ದರೆಂದು ಹವ್ಯಾಸಿಗಳೇ ಪಟ್ಟಿ ಮಾಡಿಟ್ಟಿದ್ದಾರೆ. ಸಂಬಳ, ಪದವಿ ಯಾವುದೂ ಇಲ್ಲದೆ ಮಾಡಿದ ಕೆಲಸ ಅದು. ಕರ್ನಾಟಕದ ತಾಲ್ಲೂಕು ಊರುಗಳಲ್ಲೂ ಬಸ್ ಸ್ಟ್ಯಾಂಡಿನ ಹಿಂದೆಯೋ ಸಂತೆಪೇಟೆಯಲ್ಲೋ ಒಂದು ಸೋಡಾ ಫ್ಯಾಕ್ಟರಿ ಇತ್ತು. ಸೈಕಲ್ಲಿಗೆ ಕಟ್ಟಿದ ಪೆಟ್ಟಿಗೆ, ಬೆರಳಿನಿಂದ ಗೋಲಿ ಒತ್ತಿ ತೆಗೆಯುತ್ತಿದ್ದ ಹುಡುಗರು, ಗಾಜಿನ ಮೇಲೆ ಮಾಲೀಕರ ಹೆಸರು. ಗೋಲಿಯ ಆಸೆಗೆ ಮಕ್ಕಳು ಒಡೆದ ಸೀಸೆಗಳೂ ಕಡಿಮೆಯಲ್ಲ, ಆದ್ದರಿಂದ ಉಳಿದವು ಇನ್ನಷ್ಟು ಅಮೂಲ್ಯ. ಆ ಫ್ಯಾಕ್ಟರಿಗಳನ್ನು ನಡೆಸಿದವರಲ್ಲಿ ಹಲವರು ಈಗ ಎಂಬತ್ತು ದಾಟಿದವರು. ಮುಂದಿನ ಸಲ ರಜೆಗೆ ಊರಿಗೆ ಹೋದಾಗ ಅಂಥ ಮನೆಗೆ ಹೋಗಿ ಹಿರಿಯರನ್ನು ಮಾತನಾಡಿಸಿ. ಫ್ಯಾಕ್ಟರಿಯ ಹೆಸರು, ಬೀದಿ, ಆರಂಭಿಸಿದ ಮತ್ತು ಮುಚ್ಚಿದ ವರ್ಷ, ಸೀಸೆ ಎಲ್ಲಿಂದ ತರಿಸುತ್ತಿದ್ದರು, ಒಂದಕ್ಕೆ ಎಷ್ಟು ಕೊಡುತ್ತಿದ್ದರು, ಇಷ್ಟನ್ನು ಬರೆದುಕೊಳ್ಳಿ. ಸೀಸೆ ಸಿಕ್ಕರೆ ಅದನ್ನು ಕೇಳಿ ತರಬೇಡಿ. ಮೈ, ಬಾಯಿ, ತಳದ ಚಿತ್ರ ತೆಗೆದುಕೊಳ್ಳಿ. ಬರೆದದ್ದರ ಒಂದು ಪ್ರತಿಯನ್ನು ಆ ಊರಿನ ಗ್ರಂಥಾಲಯಕ್ಕೆ ಕೊಟ್ಟು ಬನ್ನಿ.